ಬಿದ್ದದ್ದೇ ಬೇರೆ, ಸತ್ತು ಹುಟ್ಟಿದ್ದೇ ಬೇರೆ

ಪ್ರಶ್ನೆ: ಘೋಷಣೆಯಾಗಿ, ಉದ್ಘಾಟನೆಯೂ ಆಗಿ, ಒಂದು ದಿನವೂ ನಡೆಯದ ಯೋಜನೆಯನ್ನು ಇಂಗ್ಲಿಷ್ ವರದಿಯಲ್ಲಿ ‘ಸ್ಟಿಲ್‌ಬಾರ್ನ್’ ಎಂದಿದ್ದರು. ನಾನು ‘ಯೋಜನೆ ಗರ್ಭಪಾತವಾಯಿತು’ ಎಂದು ಅನುವಾದಿಸಿದೆ. ಸಂಪಾದಕರು ಹೊಡೆದುಹಾಕಿದರು. ತಪ್ಪೇನು?

ಉತ್ತರ: ನಾನಾಗಿದ್ದರೂ ಹೊಡೆದುಹಾಕುತ್ತಿದ್ದೆ. ಸ್ಟಿಲ್‌ಬಾರ್ನ್ ಎಂದರೆ ಸತ್ತು ಹುಟ್ಟಿದ್ದು, ಗರ್ಭಪಾತವಲ್ಲ. ಈ ಪ್ರಶ್ನೆ ಎಷ್ಟನೆಯ ಸಲ ಬಂತೋ ಲೆಕ್ಕವಿಟ್ಟಿಲ್ಲ, ಇವತ್ತು ಪೂರ್ತಿ ಹೇಳಿಬಿಡುತ್ತೇನೆ.

ನಮ್ಮ ಹಳೆಯ ವೈದ್ಯರು ನಿಮ್ಮಂತೆ ಎಲ್ಲಕ್ಕೂ ಒಂದೇ ಪದ ಬಳಸಿದವರಲ್ಲ. ಸುಶ್ರುತ ಸಂಹಿತೆಯಲ್ಲಿ ನಾಲ್ಕನೆಯ ತಿಂಗಳವರೆಗೆ ಆದರೆ ಸ್ರಾವ. ಕೂಸಿನ ಮೈ ಗಟ್ಟಿಯಾದ ಮೇಲೆ, ಐದು–ಆರನೆಯ ತಿಂಗಳಲ್ಲಿ ಆದರೆ ಪಾತ. ಮೊದಲನೆಯದು ಸೋರಿದ್ದು, ಎರಡನೆಯದು ಬಿದ್ದದ್ದು. ಎರಡೂ ನಡುದಾರಿಯಲ್ಲೇ ಮುಗಿದವು. ಸತ್ತು ಹುಟ್ಟುವುದು ಇವುಗಳ ಸಾಲಿನದಲ್ಲ. ದೇಶದೇಶಗಳ ಅಂಕಿಗಳನ್ನು ಹೋಲಿಸಲು ವಿಶ್ವ ಆರೋಗ್ಯ ಸಂಸ್ಥೆ ಎಳೆದ ಗೆರೆ ಬಸಿರಿನ 28 ವಾರ. ಬ್ರಿಟನ್ನಿನಲ್ಲಿ 24, ಅಮೆರಿಕದಲ್ಲಿ 20. ಗೆರೆ ಎಲ್ಲೇ ಇರಲಿ, ಅದನ್ನು ದಾಟಿದ ಮೇಲೆ ಜೀವದ ಒಂದು ಲಕ್ಷಣವೂ ಇಲ್ಲದೆ ಹೊರಬಂದದ್ದು ಮೃತಜನನ. ಒಂದೇ ಒಂದು ಉಸಿರೆಳೆದು ಹೋದ ಮಗು ಈ ಲೆಕ್ಕಕ್ಕೆ ಸೇರದು. ಅದು ಹುಟ್ಟಿತು, ಆಮೇಲೆ ತೀರಿಕೊಂಡಿತು. ಇಷ್ಟೂ ನಿಘಂಟಿನ ಮಾತು. ಮನೆಯಲ್ಲಿ ಯಾರೂ ಮೃತಜನನ ಎನ್ನುವುದಿಲ್ಲ. ‘ಕೂಸು ಹೊಟ್ಟೆಯಲ್ಲೇ ಹೋಗಿತ್ತು’ ಎನ್ನುತ್ತಾರೆ, ‘ದಕ್ಕಲಿಲ್ಲ’ ಎನ್ನುತ್ತಾರೆ.

ರೂಪಕವೂ ಈ ವ್ಯತ್ಯಾಸವನ್ನೇ ನೆಚ್ಚಿಕೊಂಡಿದೆ. ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1739ರಲ್ಲಿ ತನ್ನ ಮೊದಲ ದೊಡ್ಡ ತತ್ವಶಾಸ್ತ್ರದ ಕೃತಿ ಹೊರತಂದಾಗ ಕೇಳುವವರಿರಲಿಲ್ಲ. ಅದು ಅಚ್ಚಿನಿಂದ ಸತ್ತೇ ಹುಟ್ಟಿತು ಎಂಬರ್ಥದಲ್ಲಿ 1776ರಲ್ಲಿ, ತೀರಿಕೊಳ್ಳುವ ಕೆಲವು ತಿಂಗಳ ಹಿಂದೆ, ಬರೆದುಕೊಂಡ. ಗಮನಿಸಿ: ಪುಸ್ತಕ ಬರೆದು ಮುಗಿದಿತ್ತು, ಅಚ್ಚೂ ಆಗಿತ್ತು. ಬಿದ್ದುಹೋಗಲಿಲ್ಲ, ಬಂತು, ಜೀವವಿರಲಿಲ್ಲ. (ಅದೇ ಪುಸ್ತಕವನ್ನು ಇವತ್ತಿಗೂ ಓದುತ್ತಾರೆ. ಪುಸ್ತಕಕ್ಕೆ ಆ ಸೌಕರ್ಯ ಉಂಟು.) ನಿಮ್ಮ ಯೋಜನೆಯೂ ಹಾಗೆಯೇ: ‘ಹುಟ್ಟುವಾಗಲೇ ಸತ್ತಿತ್ತು’ ಎನ್ನಿ. ಕೆಲಸ ಶುರುವಾಗಿ ನಿಂತಿದ್ದರೆ ‘ಅರ್ಧಕ್ಕೆ ಬಿತ್ತು’. ಯಾರೋ ಬೇಕೆಂದೇ ಮುಗಿಸಿದ್ದರೆ ‘ಚಿಗುರಿನಲ್ಲೇ ಚಿವುಟಿದರು’. ಕಡತ ಇನ್ನೂ ಓಡಾಡುತ್ತಿದ್ದರೆ ‘ನೆನೆಗುದಿಗೆ ಬಿದ್ದಿದೆ’, ಅದು ಸಾವಲ್ಲ.

ಇಷ್ಟೆಲ್ಲ ಹೇಳಿದ ನಾನೇ ಈ ರೂಪಕ ಬಳಸುವುದನ್ನು ಬಿಟ್ಟು ವರ್ಷಗಳಾದವು. ತೊಟ್ಟಿಲು ಸಿದ್ಧಮಾಡಿಟ್ಟು ಬರಿಮಡಿಲಲ್ಲಿ ಮನೆಗೆ ಬಂದವರೂ ನಿಮ್ಮ ವರದಿ ಓದುತ್ತಾರೆ. ‘ಯೋಜನೆ ಒಂದು ದಿನವೂ ನಡೆಯಲಿಲ್ಲ’ ಎಂದರೆ ನಿಮ್ಮ ಗದ್ಯಕ್ಕೇನೂ ನಷ್ಟವಿಲ್ಲ.

ಪ್ರಶ್ನೆ: ‘ಸ್ಟಿಲ್’ ಎಂದರೆ ‘ಇನ್ನೂ’. ಹಾಗಾದರೆ ‘ಇನ್ನೂ ಹುಟ್ಟದ’ ಎಂದಲ್ಲವೆ?

ಉತ್ತರ: ಅಲ್ಲ. ಇಲ್ಲಿ ಸ್ಟಿಲ್ ಎಂದರೆ ಮಿಸುಕದ. ನಿಘಂಟಿನಲ್ಲಿ ಒಂದು ಸಾಲು ಓದಿ ಪುಟ ಮಗುಚಬೇಡಿ.

ಪ್ರಶ್ನೆ: ‘ಕಂದು ಹಾಕು’ ಎಂಬ ಅಚ್ಚಗನ್ನಡ ಇರುವಾಗ ಸಂಸ್ಕೃತ ಏಕೆ?

ಉತ್ತರ: ಅದು ಕೊಟ್ಟಿಗೆಯ ಮಾತು, ಹಸು ಎಮ್ಮೆಗಳ ಗರ್ಭ ಬಿದ್ದಾಗ ಹೇಳುವುದು. ನಿಮ್ಮ ಅಚ್ಚಗನ್ನಡದ ಉತ್ಸಾಹವನ್ನು ಹೆಂಗಸರ ಮೇಲೆ ಪ್ರಯೋಗಿಸಬೇಡಿ.

ಪ್ರಶ್ನೆ: ಮೃತವತ್ಸೆ, ಬಂಜೆ ಒಂದೇ ತಾನೆ?

ಉತ್ತರ: ಬಂಜೆ ಎಂದರೆ ಬಸಿರೇ ನಿಲ್ಲದವಳು, ಮೃತವತ್ಸೆ ಹೆತ್ತು ಕಳೆದುಕೊಂಡವಳು. ಒಂದೇ ಅಲ್ಲ, ಎರಡೂ ಬೇಡ. ಆದ ನೋವನ್ನು ಅವಳ ಹೆಸರು ಮಾಡಿದ ಪದಗಳು ಅವು.

ಪ್ರಶ್ನೆ: ಗ್ರಹಣ ನೋಡಿದ ಬಸುರಿಗೆ ಸತ್ತ ಮಗು ಹುಟ್ಟುತ್ತದೆಂದು ನಮ್ಮ ಜೋಯಿಸರು ಹೇಳುತ್ತಾರೆ. ಗ್ರಹಣ ಪದದ ಮೂಲಾರ್ಥಕ್ಕೂ ಇದಕ್ಕೂ ಸಂಬಂಧವಿದೆಯೆ?

ಉತ್ತರ: ಗ್ರಹಣ ಎಂದರೆ ಹಿಡಿಯುವುದು. ಅದು ಹಿಡಿಯುವುದು ಸೂರ್ಯಚಂದ್ರರನ್ನು, ಬಸುರಿಯನ್ನಲ್ಲ. ಹೊಟ್ಟೆಯಲ್ಲಿ ಕೂಸಿನ ಮಿಸುಕಾಟ ಕಡಿಮೆಯಾಯಿತು ಎನಿಸಿದರೆ ಆ ಗಳಿಗೆಯಲ್ಲೇ ಹೆರಿಗೆ ವೈದ್ಯರ ಬಳಿ ಹೋಗಿ. ಜೋಯಿಸರನ್ನೂ ತಾಯತದವನನ್ನೂ ಕೇಳುತ್ತ ಒಂದು ಗಂಟೆಯನ್ನೂ ಕಳೆಯಬೇಡಿ. ನನ್ನನ್ನೂ ಕೇಳಬೇಡಿ, ನಾನು ಪದ ನೋಡುವವನು.