ಭಟ್ಟಿ 1,150ಕ್ಕೇ ನಿಂತರೆ ಕಂಟ್ರೋಲರ್ ಬದಲಿಸಬೇಕೆ?

ಮಡಕೆ ಸುಡುವ ವಿದ್ಯುತ್ ಭಟ್ಟಿ ಸರಿಯಾಗಿ ಕಾಯುತ್ತಿಲ್ಲ ಎಂಬ ದೂರು ತಪ್ಪದೆ ಬರುತ್ತದೆ. ದೂರಿಗಿಂತ ಸಿಟ್ಟು ತರಿಸುವುದು ಅದರ ಜೊತೆಗಿರುವ ಖರ್ಚಿನ ಪಟ್ಟಿ: ಶಾಖ ನಿಯಂತ್ರಿಸುವ ಕಂಟ್ರೋಲರ್ ಬದಲಿಸಿದೆವು, ಸ್ಟೆಬಿಲೈಜರ್ ತಂದೆವು, ಇನ್ನೇನು ಕೊಳ್ಳಬೇಕು? ಓಮ್, ಆಂಪಿಯರ್, ವೋಲ್ಟ್ ಯಾವುದರ ಸುದ್ದಿಯೂ ಇರುವುದಿಲ್ಲ. ಈ ಸಲ ಒಬ್ಬರು ಕೆಲವು ಅಂಕಿಗಳನ್ನಾದರೂ ಕೊಟ್ಟಿದ್ದಾರೆ. ಹೆಚ್ಚಿನ ಜಾಗ ಅವರಿಗೇ.

ಪ್ರಶ್ನೆ: ನಮ್ಮದು 9 ಕಿಲೋವಾಟ್‌ನ ಮೂರು ಫೇಸ್ ಭಟ್ಟಿ. ಮೊದಲು 1,220 ಡಿಗ್ರಿಗೆ ಎಂಟು ಗಂಟೆ ಸಾಕಿತ್ತು. ಬರಬರುತ್ತ ಹತ್ತಾಯಿತು, ಹನ್ನೆರಡಾಯಿತು. ಈಗ 1,150ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಹಸಿ ಮಡಕೆಗಳನ್ನು 1,000 ಡಿಗ್ರಿಗೆ ಸುಡುವಾಗ ತೊಂದರೆಯಿಲ್ಲ. ಎಲೆಕ್ಟ್ರಿಷಿಯನ್ ಕಂಟ್ರೋಲರ್ ಹೋಗಿದೆ ಎನ್ನುತ್ತಾರೆ. ಬದಲಿಸಲೇ? (ತುಮಕೂರಿನ ಓದುಗರು)

ಬದಲಿಸಬೇಡಿ. ಭಟ್ಟಿ 1,150ರಲ್ಲಿ ನಿಂತಿರುವಾಗ ಕಂಟ್ರೋಲರ್‌ನ ಔಟ್‌ಪುಟ್ ದೀಪ ನೋಡಿ. ಆರದೆ ಉರಿಯುತ್ತಿದ್ದರೆ ಅದು ಪೂರ್ತಿ ಶಕ್ತಿ ಕೊಡಿ ಎಂದು ಕೇಳುತ್ತಲೇ ಇದೆ, ಕೊಡುವವರು ಕೊಡುತ್ತಿಲ್ಲ. ಬಿಸಿ ಏರಿದಂತೆ ಗೋಡೆ, ಮುಚ್ಚಳಗಳಿಂದ ಸೋರುವ ಶಾಖವೂ ಏರುತ್ತದೆ. ಒಳಬರುವ ಶಕ್ತಿ ಮತ್ತು ಸೋರಿಕೆ ಎಲ್ಲಿ ಸಮವಾಗುತ್ತವೋ ಅಲ್ಲಿಗೆ ಭಟ್ಟಿ ನಿಂತಿತು. 1,000ದ ಕೆಲಸ ಸರಾಗವಾಗಿ ನಡೆದು 1,220ರದು ಕೈಕೊಡುವುದು ಇದಕ್ಕೇ.

ನಿಮ್ಮ ಪತ್ರದಲ್ಲಿ ನನಗೆ ಬೇಕಾದ ಮಾತು ‘ಬರಬರುತ್ತ’ ಎಂಬುದು. ನಿನ್ನೆಯವರೆಗೆ ಚೆನ್ನಾಗಿದ್ದು ಇಂದು ಇದ್ದಕ್ಕಿದ್ದಂತೆ ಕುಂಟಿದರೆ ಒಂದು ಕಾಯಿಲ್ (ಕಾದು ಶಾಖ ಕೊಡುವ ಸುರುಳಿ ತಂತಿ) ತುಂಡಾಗಿದೆ, ಇಲ್ಲವೇ ಒಂದು ಫೇಸ್ ಹೋಗಿದೆ. ನ್ಯೂಟ್ರಲ್ ಇಲ್ಲದ ಜೋಡಣೆಯಲ್ಲಿ ಒಂದು ಫೇಸ್ ಹೋದರೆ ಉಳಿಯುವುದು ಅರ್ಧ ಶಕ್ತಿ. ಸಂಜೆ ಮಾತ್ರ ಕುಂಟಿ ನಡುರಾತ್ರಿ ಸರಿಹೋದರೆ ವೋಲ್ಟೇಜ್ ನೋಡಿ: 230 ಇರಬೇಕಾದದ್ದು 200ಕ್ಕೆ ಇಳಿದರೆ ಶಕ್ತಿಯಲ್ಲಿ ಸುಮಾರು ಕಾಲುಭಾಗ ಖೋತಾ. ವೋಲ್ಟೇಜನ್ನು ಭಟ್ಟಿ ಪೂರ್ತಿ ಶಕ್ತಿಯಲ್ಲಿ ಓಡುತ್ತಿರುವಾಗ, ತಿಳಿದವರಿಂದ ಅಳೆಸಿ. ಖಾಲಿ ಲೈನಿನಲ್ಲಿ 235 ಬಂತೆಂದು ಬರೆದು ಕಳಿಸಬೇಡಿ.

ತಿಂಗಳುಗಟ್ಟಲೆ ನಿಧಾನವಾಗುತ್ತ ಬಂದಿದ್ದರೆ ಮುಪ್ಪು ಬಂದಿರುವುದು ಕಾಯಿಲ್‌ಗಳಿಗೆ. ಪ್ರತಿ ಸುಡುವಿಕೆಯಲ್ಲೂ ತಂತಿಯ ಮೇಲ್ಮೈ ಉತ್ಕರ್ಷಣಗೊಂಡು ಒಳಗಿನ ಲೋಹ ಸವೆಯುತ್ತದೆ, ರೋಧ ಏರುತ್ತದೆ, ಶಕ್ತಿ ಇಳಿಯುತ್ತದೆ. ನಿಮ್ಮ ಭಟ್ಟಿಯಲ್ಲಿ ಫೇಸಿಗೆ 3 ಕಿಲೋವಾಟ್, 230 ವೋಲ್ಟ್ ಎಂದಿಟ್ಟುಕೊಂಡರೆ ಒಂದೊಂದು ಫೇಸಿನ ಕಾಯಿಲ್ ಗುಂಪು ಹೊಸದರಲ್ಲಿ 17.6 ಓಮ್ ಇದ್ದು, 13 ಆಂಪಿಯರ್ ಎಳೆಯುತ್ತಿತ್ತು. ಭಟ್ಟಿ ತಣಿದ ಮೇಲೆ ಮೇನ್ ಸ್ವಿಚ್ಚನ್ನೇ ಕೆಳಗಿಳಿಸಿ; ಕಂಟ್ರೋಲರ್ ಆರಿಸಿದರೆ ಸಾಲದು. ಟೆಸ್ಟರ್ ಹಿಡಿದು ಕರೆಂಟ್ ಇಲ್ಲವೆಂದು ಖಾತರಿ ಮಾಡಿಕೊಂಡು, ಪ್ರತಿ ಗುಂಪಿನ ಒಂದು ತುದಿ ಬಿಡಿಸಿ ಅಳೆಯಿರಿ. ಮೊದಲು ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿ, ಬಂದ ಅಂಕಿಯನ್ನು ಕಳೆಯಬೇಕು. 19.4 ಓಮ್ ದಾಟಿದ್ದರೆ, ಅಂದರೆ ಶೇ 10ರಷ್ಟು ಏರಿದ್ದರೆ, ಕಾಯಿಲ್‌ಗಳ ಕಾಲ ಮುಗಿಯಿತು. ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಹಳತು ಹೊಸತು ಬೆರೆಸಿದರೆ ಮೇಲೆ ಕೆಳಗೆ ಶಾಖ ಒಂದೇ ಸಮ ಇರುವುದಿಲ್ಲ.

ಹಿಂಬದಿಯ ತಗಡು ತೆಗೆದಾಗ, ಕಾಯಿಲ್‌ಗೆ ಕರೆಂಟ್ ತಂತಿ ಸೇರುವ ಟರ್ಮಿನಲ್‌ಗಳನ್ನೂ ನೋಡಿ. ಪಿಂಗಾಣಿ ಬುಷ್ಷಿನ ಬಾಯಲ್ಲಿ ಕಂದು ಸುಟ್ಟ ಕಲೆ, ಕಪ್ಪಾದ ಸ್ಕ್ರೂ, ತಂತಿಯ ಹೊದಿಕೆ ಉಗುರು ತಾಗಿದರೆ ಪುಡಿಯಾಗುವಷ್ಟು ಒಣಗಿರುವುದು: ಇವು ಕಂಡರೆ ಅಲ್ಲಿ ಬಿಗಿ ತಪ್ಪಿದೆ. ಹಳೆಯ ಕನೆಕ್ಟರನ್ನು ಉಜ್ಜಿ ಮತ್ತೆ ಹಾಕುವ ಜಿಪುಣತನ ಬೇಡ.

ಕಿಂಡಿಯಲ್ಲಿ ನೋಡಿ ‘ಎಲ್ಲ ಕಾಯಿಲ್ ಕೆಂಪಗಿವೆ’ ಎಂದು ಬರೆಯುವವರಿಗೆ ಒಂದು ಮಾತು. ಒಳಗೆಲ್ಲ ಕೆಂಪಾದ ಮೇಲೆ ಸತ್ತ ಕಾಯಿಲ್ ಕೂಡ ಕೆಂಪಗೇ ಕಾಣುತ್ತದೆ. ತಣ್ಣಗಿನ ಭಟ್ಟಿಯನ್ನು ಪೂರ್ತಿ ಶಕ್ತಿಗಿಟ್ಟು ಮೊದಲ ಹತ್ತು ಹದಿನೈದು ನಿಮಿಷದಲ್ಲಿ ನೋಡಿ, ಕಪ್ಪಗೆ ಉಳಿದ ಸಾಲು ತಾನೇ ಕಾಣಿಸುತ್ತದೆ.

ಪ್ರಶ್ನೆ: ತುಂಡಾದ ಕಾಯಿಲ್‌ನ ಸುಟ್ಟ ಭಾಗ ಕತ್ತರಿಸಿ, ಉಳಿದದ್ದನ್ನು ಎಳೆದು ಜೋಡಿಸಬಹುದೆಂದು ಹೀಟರ್ ರಿಪೇರಿಯವರು ಹೇಳುತ್ತಾರೆ.

ಹೇಳುತ್ತಾರೆ, ಮತ್ತೆ ಮುಂದಿನ ತಿಂಗಳು ಇನ್ನೊಮ್ಮೆ ದುಡ್ಡು ತೆಗೆದುಕೊಳ್ಳುತ್ತಾರೆ. ಉದ್ದ ಕಡಿಮೆಯಾದರೆ ರೋಧ ಇಳಿದು ಕರೆಂಟ್ ಏರುತ್ತದೆ. ಜೋಡಿಸಿದ ಜಾಗವೇ ಮೊದಲು ಉರಿದುಹೋಗುತ್ತದೆ. ಒಮ್ಮೆ ಕಾದ ತಂತಿ ತಣ್ಣಗಿರುವಾಗ ಬಾಗಿಸಿದರೆ ಚಟ್ಟನೆ ಮುರಿಯುವುದು ಬೇರೆ. ಅವರೇ ಕೊಡುವ ಅಗ್ಗದ ನೈಕ್ರೋಮ್ ಇಸ್ತ್ರಿಪೆಟ್ಟಿಗೆಗೆ ಸರಿ, 1,220 ಡಿಗ್ರಿಗೆ ಅಲ್ಲ. ಅಲ್ಲಿಗೆ ಕಾಂತಾಲ್ ಎ-1 ಎಂಬ, ಹೆಚ್ಚು ಬಿಸಿ ತಾಳುವ ಮಿಶ್ರಲೋಹದ ತಂತಿ ಬೇಕು. ಹೊಸದನ್ನು ಹಾಕಿದ ಮೇಲೆ ಮೊದಲ ಸಲ ಭಟ್ಟಿಯನ್ನು ಖಾಲಿ ಸುಟ್ಟು, ತಂತಿಯ ಮೇಲೆ ಆಕ್ಸೈಡ್ ಪದರ ಕಟ್ಟಲು ಬಿಡಿ.

ಪ್ರಶ್ನೆ: ಡಿಸ್‌ಪ್ಲೇ 1,160 ದಾಟುವುದಿಲ್ಲ, ಆದರೆ ಗ್ಲೇಜ್ (ಮಡಕೆಯ ಮೇಲಿನ ಗಾಜಿನಂಥ ಲೇಪ) ಕರಗಿ ಶೆಲ್ಫಿಗೆ ಹರಿದಿದೆ.

ಭಟ್ಟಿ ಕಾದಿದೆ, ಸುಳ್ಳು ಹೇಳುತ್ತಿರುವುದು ಒಳಗಿನ ಬಿಸಿ ಅಳೆಯುವ ಥರ್ಮೋಕಪಲ್. ಬದಲಿಸಿ, ಪಕ್ಕದಲ್ಲಿ 6ನೇ ನಂಬರಿನ ಕೋನ್ (ಸುಮಾರು 1,220 ಡಿಗ್ರಿಗೆ ಬಾಗುವ ಪುಟ್ಟ ಶಂಕು) ಇಟ್ಟು ಸುಡಿ.

ಪ್ರಶ್ನೆ: ಭಟ್ಟಿ ಹಚ್ಚಿದರೆ ಡಿಸ್‌ಪ್ಲೇಯಲ್ಲಿ ಅಂಕಿ ಇಳಿಯುತ್ತದೆ!

ಥರ್ಮೋಕಪಲ್ ತಂತಿಗಳನ್ನು ತಿರುಗುಮುರುಗು ಕೊಟ್ಟಿದ್ದೀರಿ.

ಪ್ರಶ್ನೆ: 5 ಕಿಲೋವಾಟ್‌ನ ಚಿಕ್ಕ ಭಟ್ಟಿಯನ್ನು ಗೀಸರಿನ 16 ಆಂಪಿಯರ್ ಸಾಕೆಟ್‌ಗೆ ಹಾಕಬಹುದೇ? ಎಂಸಿಬಿ ಪದೇಪದೇ ಬೀಳುತ್ತದೆ, ದೊಡ್ಡದು ಹಾಕಿಸಲೇ?

ಭಟ್ಟಿ 22 ಆಂಪಿಯರ್ ಕೇಳುತ್ತದೆ. ಎಂಸಿಬಿ ಬೀಳುತ್ತಿರುವುದರಿಂದಲೇ ನಿಮ್ಮ ಗೋಡೆಯೊಳಗಿನ ವೈರ್ ಇನ್ನೂ ಉಳಿದಿದೆ. ಪ್ರತ್ಯೇಕ ಲೈನ್ ಎಳೆಸಿ, ಅರ್ಥಿಂಗ್ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಪ್ಲಗ್ ಚುಚ್ಚಬೇಡಿ.