ಕಟ್ಟೆಯ ಮೇಲೋ, ತಟ್ಟೆಯ ಮೇಲೋ?

ಪ್ರಶ್ನೆ: ಮೇಡಂ, ನನ್ನ ಮಗನಿಗೆ ಮೂರು ವರ್ಷ ನಾಲ್ಕು ತಿಂಗಳು. ಮಾತು ಧಾರಾಳ, ಆದರೆ ‘ಕ’, ‘ಗ’ ಹೊರಡುವುದಿಲ್ಲ. ಕಾಗೆಗೆ ‘ತಾದೆ’, ಗಾಡಿಗೆ ‘ದಾಡಿ’ ಎನ್ನುತ್ತಾನೆ. ಗೋಡೆಗೆ ವರ್ಣಮಾಲೆಯ ಚಾರ್ಟ್ ಅಂಟಿಸಿ ದಿನಾ ಸಂಜೆ ಅರ್ಧ ಗಂಟೆ ಹೇಳಿಸುತ್ತೇನೆ. ಅಲ್ಲಿಯೂ ‘ತ ತ ದ ದ’ ಎಂದೇ ಶುರು. ನಾಲಿಗೆ ದಪ್ಪ, ಬಜೆ ತೇಯ್ದು ತಿಕ್ಕು ಎನ್ನುತ್ತಾರೆ ಅತ್ತೆ. ಏನು ಮಾಡಲಿ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಮೊದಲು ಆ ಚಾರ್ಟ್‌ಗೆ ಸ್ವಲ್ಪ ದಿನ ರಜೆ ಕೊಡಿ. ಬಜೆಗೆ ಪೂರ್ತಿ ರಜೆ. ದಪ್ಪ ನಾಲಿಗೆಯೆಂಬ ಆರೋಪ ಹೊತ್ತು ನನ್ನ ಬಳಿ ಬರುವ ಮಕ್ಕಳ ನಾಲಿಗೆ ಹೆಚ್ಚುಕಡಿಮೆ ಎಲ್ಲರ ನಾಲಿಗೆಯಂತೆಯೇ ಇರುತ್ತದೆ. ‘ತ’ ಎನ್ನುವಾಗ ನಾಲಿಗೆಯ ತುದಿ ಮೇಲ್ಹಲ್ಲಿನ ಹಿಂಬದಿಯನ್ನು ಮುಟ್ಟುತ್ತದೆ. ‘ಕ’ ಎನ್ನುವಾಗ ತುದಿ ಕೆಳಗೇ ಮಲಗಿದ್ದು, ಹಿಂಭಾಗ ಎದ್ದು ಅಂಗುಳಿನ ಮೆತ್ತನೆಯ ಭಾಗವನ್ನು ಮುಟ್ಟುತ್ತದೆ. ನೀವೇ ಒಮ್ಮೆ ‘ತ, ಕ, ತ, ಕ’ ಎಂದು ನೋಡಿ. ನಿಮ್ಮ ಮಗ ಇನ್ನೂ ತುದಿಯಿಂದಲೇ ಎಲ್ಲ ಕೆಲಸ ಮಾಡಿಸುತ್ತಿದ್ದಾನೆ. ಈ ವಯಸ್ಸಿನಲ್ಲಿ ಇದು ಅಪರೂಪವಲ್ಲ; ನಾಲ್ಕು ತುಂಬುವುದರೊಳಗೆ ಹೆಚ್ಚಿನ ಮಕ್ಕಳಲ್ಲಿ ಸರಿಹೋಗುತ್ತದೆ.

ನಮ್ಮ ವರ್ಣಮಾಲೆಯನ್ನು ಜೋಡಿಸಿದವರು ಬಾಯಿಯೊಳಗೆ ಇಣುಕಿ ನೋಡಿಯೇ ಜೋಡಿಸಿದ್ದಾರೆ. ‘ಕ’ ಸಾಲು ಗಂಟಲ ಬಳಿ, ‘ಚ’ ಸಾಲು ಅಂಗುಳು, ಹೀಗೆ ಮುಂದೆ ಬರುತ್ತಾ ‘ತ’ಕ್ಕೆ ಹಲ್ಲು, ‘ಪ’ಕ್ಕೆ ತುಟಿ. ಮಗು ಈ ದಾರಿಯಲ್ಲಿ ಬಹುಮಟ್ಟಿಗೆ ಎದುರಿನಿಂದ ನಡೆದು ಬರುತ್ತದೆ: ಅಪ್ಪ, ಅಮ್ಮ, ಮಾಮ ಎಲ್ಲ ತುಟಿಯ ಪದಗಳು. ಕೊನೆಗೆ ಸಿಗಬೇಕಾದ ಮನೆಯ ಬಾಗಿಲನ್ನೇ ಚಾರ್ಟ್ ಮೊದಲು ತಟ್ಟಿಸುತ್ತಿದೆ.

ಆಟಕ್ಕೆ ಬರೋಣ. ನಿಮ್ಮ ಅಡುಗೆಮನೆಯಲ್ಲಿ ಒಲೆಯಿಡುವ ಕಟ್ಟೆ ಇದೆ, ಊಟದ ತಟ್ಟೆ ಇದೆ. ಒಂದಿಷ್ಟು ಹುಣಸೆ ಬೀಜ ತೆಗೆದುಕೊಳ್ಳಿ (ಬಾಯಿಗೆ, ಮೂಗಿಗೆ ಹಾಕಿಕೊಳ್ಳುವ ಮಗುವಾದರೆ ಚಮಚ ಸಾಕು). ನೀವು ‘ಕಟ್ಟೆ’ ಎಂದರೆ ಅವನು ಕಟ್ಟೆಯ ಮೇಲಿಡಬೇಕು, ‘ತಟ್ಟೆ’ ಎಂದರೆ ತಟ್ಟೆಗೆ. ಮೂರು ನಾಲ್ಕು ದಿನ ಇಷ್ಟೇ. ಅವನು ಬಾಯಿ ಬಿಡುವುದೇ ಬೇಡ. ಕಿವಿ ಆ ಎರಡನ್ನೂ ಬೇರೆಯಾಗಿಸಿದ ಮೇಲೆ ಪಾತ್ರ ಬದಲಿಸಿ. ಅವನು ಹೇಳಲಿ, ನೀವು ಕೇಳಿಸಿದ್ದನ್ನೇ ಮಾಡಿ. ಕಟ್ಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಅವನು ‘ತಟ್ಟೆ’ ಎಂದಾಗ ಬೀಜ ತಟ್ಟೆಗೆ ಬೀಳುತ್ತದೆ. ಆಗ ಅವನ ಮುಖ ನೋಡಿ! ‘ಸರಿಯಾಗಿ ಹೇಳು’ ಎಂದು ನೂರು ಸಲ ಗದರಿಸಿದರೂ ಆಗದ್ದು ಅಲ್ಲಿ ಆಗುತ್ತದೆ: ತನ್ನ ಮಾತು ಬೇರೆಯದೇ ಅರ್ಥ ಕೊಟ್ಟಿತೆಂದು ಅವನಿಗೇ ಹೊಳೆಯುತ್ತದೆ. ಕಾಯಿ–ತಾಯಿ, ಕಲೆ–ತಲೆ ಜೋಡಿಗಳೂ ಇದಕ್ಕೆ ಒದಗುತ್ತವೆ.

‘ಕ’ ಹೊರಡಲೇ ಇಲ್ಲವೆಂದರೆ ಚಾಪೆಯ ಮೇಲೆ ಇಬ್ಬರೂ ಅಂಗಾತ ಮಲಗಿ. ನಾಲಿಗೆ ತಾನಾಗಿ ಹಿಂದಕ್ಕೆ ಸರಿಯುತ್ತದೆ. ನೀರಿಲ್ಲದೆಯೇ ಗಂಟಲು ಮುಕ್ಕಳಿಸುವ ನಾಟಕ ಆಡಿ, ಸುಳ್ಳು ಕೆಮ್ಮು ಕೆಮ್ಮಿ, ಕಾಗೆಯಾಗಿ. ಸದ್ದು ಸಿಕ್ಕಿದ ದಿನ ತಟ್ಟೆಯಲ್ಲಿ ರವೆ ಹರಡಿ, ಬೆರಳು ಹಿಡಿದು ‘ಕ’ ಬರೆಸಿ. ಅಕ್ಷರಾಭ್ಯಾಸದ ಅಕ್ಕಿಯ ತಟ್ಟೆ ನೆನಪಾಗುತ್ತದಲ್ಲವೇ? ಹತ್ತು ನಿಮಿಷ ಸಾಕು. ಅವನು ಎದ್ದು ಹೋದರೆ ಆಟ ಮುಗಿಯಿತು.

ನನ್ನ ತಂಗಿಯ ಮಗ ಕಾಫಿಗೆ ‘ತಾಪಿ’ ಎನ್ನುತ್ತಿದ್ದ. ಮುದ್ದಿಗೆ ಮನೆಮಂದಿಯೆಲ್ಲ, ವಾಕ್ ಚಿಕಿತ್ಸಕಿಯಾದ ನಾನೂ ಸೇರಿ, ವರ್ಷಗಟ್ಟಲೆ ತಾಪಿಯನ್ನೇ ಕುಡಿದೆವು. ನೀವು ಹಾಗೆ ಮಾಡಬೇಡಿ. ಅವನು ‘ತಾದೆ’ ಎಂದರೆ, ‘ಹೌದು, ಕಾಗೆ! ಕಾಗೆ ಕೂಗುತ್ತಿದೆ’ ಎಂದು ಮುಂದುವರಿಸಿ. ನಾಲ್ಕು ತುಂಬಿದರೂ ಹೀಗೇ ಇದ್ದರೆ ವಾಕ್ ಚಿಕಿತ್ಸಕರಿಗೆ ತೋರಿಸಿ. ಪದೇ ಪದೇ ನೆಗಡಿಯಾಗಿ ಕಿವಿ ನೋಯುವ ಮಗುವಾಗಿದ್ದರೆ ಕಿವಿಯ ಪರೀಕ್ಷೆಯನ್ನು ಈಗಲೇ ಮಾಡಿಸಿ.

ಪ್ರಶ್ನೆ: ಮೊಮ್ಮಗಳಿಗೆ ಎರಡು ವರ್ಷ ಎಂಟು ತಿಂಗಳು. ಮೊಬೈಲ್ ನೋಡಿ ಇಂಗ್ಲಿಷ್ ಅಕ್ಷರಗಳ ಹಾಡನ್ನು ಪೂರ್ತಿ ಹಾಡುತ್ತಾಳೆ. ಆದರೆ ನೀರು ಬೇಕೆಂದರೆ ನಮ್ಮ ಕೈ ಹಿಡಿದು ಎಳೆದೊಯ್ಯುತ್ತಾಳೆ; ಹೆಸರು ಕರೆದರೆ ತಿರುಗುವುದಿಲ್ಲ. ಮನೆಯಲ್ಲಿ ತುಳು, ಕನ್ನಡ ಎರಡೂ ಇರುವುದರಿಂದ ಗೊಂದಲವೇ?
— ಒಬ್ಬ ಅಜ್ಜ, ಉಡುಪಿ

ಉತ್ತರ: ತುಳುವನ್ನು ದೂರಬೇಡಿ, ರಾಯರೇ. ಎರಡು ಭಾಷೆಗಳ ಮನೆಯಲ್ಲಿ ಬೆಳೆದ ಮಾತ್ರಕ್ಕೆ ಮಾತು ನಿಲ್ಲುವುದಿಲ್ಲ. ಹಾಡು ಚೆನ್ನಾಗಿ ಹಾಡುತ್ತಾಳೆಂದು ಸಮಾಧಾನಪಟ್ಟುಕೊಳ್ಳಲೂ ಬೇಡಿ. ಅಕ್ಷರಗಳನ್ನು ಒಪ್ಪಿಸುವುದು ಬೇರೆ, ‘ನೀರು’ ಎಂದು ಕೇಳುವುದು ಬೇರೆ. ‘ಅವಳ ಅಪ್ಪನೂ ತಡವಾಗಿಯೇ ಮಾತನಾಡಿದ್ದ’ ಎನ್ನುವ ನೆಂಟರ ಮಾತಿಗೆ ಕಿವಿಗೊಟ್ಟು ಆರು ತಿಂಗಳು ಕಳೆಯಬೇಡಿ. ಇದೇ ತಿಂಗಳು ಶ್ರವಣ ಪರೀಕ್ಷೆ ಮಾಡಿಸಿ, ಜೊತೆಗೆ ಮಕ್ಕಳ ಬೆಳವಣಿಗೆಯನ್ನು ನೋಡುವ ವೈದ್ಯರನ್ನೂ ವಾಕ್ ಚಿಕಿತ್ಸಕರನ್ನೂ ಕಾಣಿ. ಹೋಗುವಾಗ ಅವಳು ಮನೆಯಲ್ಲಿ ಆಡುವುದನ್ನು, ನೀವು ಕರೆಯುವುದನ್ನು ಎರಡು ನಿಮಿಷ ಅದೇ ಮೊಬೈಲ್‌ನಲ್ಲಿ ಚಿತ್ರೀಕರಿಸಿಕೊಂಡು ಹೋಗಿ. ಆಸ್ಪತ್ರೆಯ ಹೊಸ ಕೋಣೆಯಲ್ಲಿ ಮಗು ಮನೆಯಲ್ಲಿದ್ದಂತೆ ಇರುವುದಿಲ್ಲ.