ಸಬ್‌ವೂಫರ್ ತರುವ ಮೊದಲು ವೈರು ನೋಡಿ, ಕುರ್ಚಿ ಸರಿಸಿ

ನಮಸ್ಕಾರ. ಕಾರವಾರದ ಮನೆ, 12 ಅಡಿ ಅಗಲ 18 ಅಡಿ ಉದ್ದದ ಹಾಲ್, ಎರಡು ಸಣ್ಣ ಸ್ಪೀಕರ್. ಮಳೆಗಾಲ ಕಳೆದು ಮತ್ತೆ ಜೋಡಿಸಿದಾಗಿನಿಂದ ಬೇಸ್ (ಹಾಡಿನ ದಪ್ಪ ತಗ್ಗು ದನಿ) ಇಲ್ಲ, ಬೇಸಿಗೆಂದೇ ಇರುವ ಸ್ಪೀಕರ್ ಅಂದರೆ ಸಬ್‌ವೂಫರ್ ತರಲಾ ಅಂತ ಕೇಳಿದ್ದೀರಿ. ಈಗಲೇ ತರಬೇಡಿ. "ಮತ್ತೆ ಜೋಡಿಸಿದಾಗಿನಿಂದ" ಅಂದಿರಲ್ವಾ, ನನಗೆ ಅನುಮಾನ ಅಲ್ಲೇ.

ಒಂದು ಸ್ಪೀಕರಿನ ಕೆಂಪು ಕಪ್ಪು ವೈರು ಅದಲುಬದಲಾದರೆ ಒಂದರ ಕೋನ್ (ಸದ್ದು ಮಾಡಲು ಅಲುಗುವ ಬಟ್ಟಲಿನಂಥ ಭಾಗ) ಹೊರಗೆ ಬರುವಾಗ ಇನ್ನೊಂದು ಒಳಗೆ ಹೋಗುತ್ತದೆ. ಎರಡರ ಬೇಸ್ ಒಂದನ್ನೊಂದು ತಿಂದುಹಾಕುತ್ತದೆ. ಹಾಡುವವರ ದನಿಯೂ ನಡುವೆ ನಿಲ್ಲದೆ ಚೆದುರಿದ ಹಾಗೆ ಕೇಳುತ್ತದೆ. ಕುಮಟೆಯ ನಮ್ಮ ಮನೆಯಲ್ಲಿ ಹೀಗೇ ಆಗಿತ್ತು. ಎರಡು ತಿಂಗಳು ಡಗ್ಗಾದ ಗುಂಯ್ ಅನ್ನುವ ನಾದವೇ ಇರಲಿಲ್ಲ, ತುಂಬಾ ಬೇಜಾರಾಗಿತ್ತು.

ನೋಡುವುದು ಸುಲಭ. ಆಂಪ್ (ಆಂಪ್ಲಿಫೈಯರ್) ಆಫ್ ಮಾಡಿ, ಅದರಿಂದ ಸ್ಪೀಕರ್ ವೈರು ಬಿಚ್ಚಿ. ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ತಗೊಂಡು ಪ್ಲಸ್‌ಗೆ ಕೆಂಪು ವೈರು, ಮೈನಸ್‌ಗೆ ಕಪ್ಪು ವೈರು ಒಂದು ಕ್ಷಣ ಮುಟ್ಟಿಸಿ. ಟಪ್ ಅಂತ ಸದ್ದಾಗುತ್ತದೆ, ದೊಡ್ಡ ಕೋನ್ ಕೂದಲೆಳೆಯಷ್ಟು ಮುಂದೆ ಬರಬೇಕು. ಎರಡೂ ಸ್ಪೀಕರ್ ಒಂದೇ ಕಡೆ ಚಲಿಸಿದರೆ ಸರಿ. ವೈರಿನ ತುದಿಗೆ ಹಸಿರು ಕಿಲುಬು ಹಿಡಿದಿದ್ದರೆ ಅರ್ಧ ಇಂಚು ಕತ್ತರಿಸಿ ಹೊಸ ತಾಮ್ರ ತೆಗೆಯಿರಿ. ನಮ್ಮ ಉಪ್ಪುಗಾಳಿಗೆ ಇದು ಪ್ರತಿ ವರ್ಷದ ಕೆಲಸ.

ಹಾಗೇ ಕೋನಿನ ಸುತ್ತಲಿನ ಫೋಮ್ ಅಂಚನ್ನು ಮೆತ್ತಗೆ ಮುಟ್ಟಿ ನೋಡಿ. ಸುಟ್ಟ ಹಪ್ಪಳದ ಹಾಗೆ ಪುಡಿಯಾದರೆ ಬೇಸ್ ಅಲ್ಲೇ ಸತ್ತಿದೆ. ಅಂಚು ಮಾತ್ರ ಬದಲಿಸಬಹುದು, ಸ್ಪೀಕರ್ ಎಸೆಯಬೇಡಿ. ರಬ್ಬರ್ ಅಂಚಾದರೆ ಈ ಚಿಂತೆ ಕಡಿಮೆ.

ಇನ್ನು ಕುರ್ಚಿ. ಉದ್ದ ಗೋಡೆಯ ಕಡೆ ಸ್ಪೀಕರ್, ಹಾಲಿನ ನಡುಮಧ್ಯೆ ಕುರ್ಚಿ ಅಂತ ಬರೆದಿದ್ದೀರಿ. ಚಿರೆಕಲ್ಲಿನ ಗಟ್ಟಿ ಗೋಡೆಗಳ ನಡುವೆ 12 ಅಡಿ ಇದ್ದರೆ ಸುಮಾರು 47 ಹರ್ಟ್ಸ್‌ನ (ಸೆಕೆಂಡಿಗೆ ಅಷ್ಟು ಸಲ ಕಂಪಿಸುವ) ಸದ್ದಿನ ಅಲೆ ಗೋಡೆಯ ಹತ್ತಿರ ಉಬ್ಬಿ ನಡುವೆ ಅಡಗುತ್ತದೆ. ಬೇಸ್ ಗಿಟಾರಿನ ದಪ್ಪ ತಂತಿ 41 ಹರ್ಟ್ಸ್, ಅಂದರೆ ನಿಮಗೆ ಬೇಕಾದ ಬೇಸೇ ನೀವು ಕೂತಲ್ಲಿ ಇಲ್ಲ. ಹಾಡು ಹಾಕಿ ಹಿಂದಿನ ಗೋಡೆಯ ಕಡೆಗೆ ನಡೆದು ನೋಡಿ, ಬೇಸ್ ಏರುವುದು ಕಿವಿಗೇ ಗೊತ್ತಾಗುತ್ತದೆ. ಎರಡಡಿ ಹಿಂದೆ ಸರಿದರೂ ಸಾಕು.

ಸ್ಪೀಕರನ್ನೂ ಗೋಡೆಯಿಂದ ಮೂರಡಿ ದೂರ ಇಟ್ಟಿದ್ದೀರಿ. ಅಷ್ಟು ದೂರದಲ್ಲಿ ಗೋಡೆಗೆ ತಾಗಿ ಮರಳುವ ಸದ್ದು 90 ಹರ್ಟ್ಸ್ ಆಸುಪಾಸಿನ ಬೇಸನ್ನು ಕೊಲ್ಲುತ್ತದೆ. ಒಂದು ಗೇಣು ಬಿಟ್ಟು ಹಿಂದಕ್ಕೆ ತಳ್ಳಿ. ಸ್ಪೀಕರಿನ ಬೆನ್ನಲ್ಲಿ ತೂತಿದ್ದರೆ ಆ ಗೇಣು ಬೇಕೇ ಬೇಕು. ತೀರಾ ಮೂಲೆಗೆ ಬೇಡ, ಮಾತೆಲ್ಲ ಗುಂಯ್‌ಗುಡುತ್ತದೆ.

ಬೇಸ್ ನಾಬ್ ಸುಮ್ನೆ ತಿರುಗಿಸಬೇಡಿ. 10 ಡೆಸಿಬೆಲ್ ಏರಿಸಿದರೆ ಆ ಬೇಸಿಗೆ ಆಂಪ್ 10 ಪಟ್ಟು ಪವರ್ ಕೊಡಬೇಕು. ಸಣ್ಣ ಆಂಪ್‌ಗೆ ಜಾಸ್ತಿ ಭಾರ.

ಇಷ್ಟಾದ ಮೇಲೂ ಸಾಲದಿದ್ದರೆ ಸಬ್‌ವೂಫರ್ ತನ್ನಿ, ಕ್ರಾಸ್‌ಓವರ್ (ಯಾವ ಹರ್ಟ್ಸ್‌ಗಿಂತ ಕೆಳಗಿನ ಸದ್ದು ಸಬ್‌ವೂಫರ್‌ಗೆ ಹೋಗಬೇಕು ಅನ್ನುವ ಗಡಿ) 80 ಹರ್ಟ್ಸ್‌ನಿಂದ ಶುರು ಮಾಡಿ. ಮೊದಲು ಸೆಲ್ ಹಚ್ಚಿ ನೋಡಿ, ಎರಡು ಕೋನ್ ಯಾವ ಕಡೆ ಚಲಿಸಿದವು ಅಂತ ಇಲ್ಲೇ ಬರೆಯಿರಿ.